ಮೊದಲು ಬರೆ, ಆಮೇಲೆ ಕೇಳು: ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರುಗಳಿಗೆ ಎಕ್ಸ್‌ರೇ ಓದಲು ಕಲಿಸಿದ ನನ್ನ ಅನುಭವ

"ದಿನಕ್ಕೆ ಎಪ್ಪತ್ತೇ ಫಿಲ್ಮ್ ಬರುವಲ್ಲಿ ನೀವು ಎಂತ ರೇಡಿಯಾಲಜಿ ಕಲಿಸುವುದು ಮಾರಾಯ್ರೇ?" ಎಂದು ನನಗಿಂತ ಎರಡು ವರ್ಷ ಹಿರಿಯರಾದ, ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬರು ಕೇಳಿದ್ದರು. ಕಳೆದ ತಿಂಗಳು ಅವರೇ ಫೋನ್ ಮಾಡಿದರು. ನಮ್ಮಲ್ಲಿ ಒಂದು ವರ್ಷ ಡ್ಯೂಟಿ ಮಾಡಿ ಅವರ ವಿಭಾಗಕ್ಕೆ ಪಿಜಿಗೆ ಸೇರಿದ ಹುಡುಗಿಯ ಬಗ್ಗೆ, "ಇವಳಿಗೆ ಚೆಸ್ಟ್ ಎಕ್ಸ್‌ರೇ ಓದಲು ಕಲಿಸಿದ್ದು ಯಾರು?" ಎಂದು ವಿಚಾರಿಸಿದರು. ನನಗೆ ಬಹಳ ಖುಷಿಯಾಯಿತು. ನನ್ನ ಹಾಗೆ ಸಣ್ಣ ಆಸ್ಪತ್ರೆಯಲ್ಲಿ ಒಬ್ಬರೇ ರೇಡಿಯಾಲಜಿಸ್ಟ್ (ಎಕ್ಸ್‌ರೇ, ಸ್ಕ್ಯಾನ್ ಓದುವ ಡಾಕ್ಟರ್) ಆಗಿ ಕೂತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನಿಂದ ಒಳಗೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯವರು ಬರುವ ಟ್ರಸ್ಟ್ ಆಸ್ಪತ್ರೆ. 80 ಹಾಸಿಗೆ. ಒಂದು ಸಿ.ಆರ್. (ಚಿತ್ರ ಕಂಪ್ಯೂಟರಿಗೆ ಬರುವ) ಎಕ್ಸ್‌ರೇ, ಒಂದು 16 ಸ್ಲೈಸ್ ಸಿ.ಟಿ., ಎರಡು ಅಲ್ಟ್ರಾಸೌಂಡ್. ರಾತ್ರಿ ಕ್ಯಾಶುವಲ್ಟಿ ನೋಡಿಕೊಳ್ಳುವುದು ಎಂ.ಬಿ.ಬಿ.ಎಸ್. ಮುಗಿಸಿ ನೀಟ್ ಪಿಜಿಗೆ ಓದುತ್ತಿರುವ ಮಕ್ಕಳು. ಅವರು ಒಂದು ವರ್ಷ ಇದ್ದರೆ ಹೆಚ್ಚು. ಮೊದಲೆಲ್ಲ ಫಿಲ್ಮಿನಲ್ಲಿ ಸ್ವಲ್ಪ ಅನುಮಾನ ಬಂದರೆ ಸಾಕು, "ಮಂಗಳೂರಿಗೆ ಕರ್ಕೊಂಡು ಹೋಗಿ" ಎಂದುಬಿಡುತ್ತಿದ್ದರು. 2020ರ ಮಾರ್ಚಿನಲ್ಲಿ, ಕೋವಿಡ್ ಲಾಕ್‌ಡೌನಿನಲ್ಲಿ, ಕೇರಳ-ಕರ್ನಾಟಕ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತಾಗ ಆ ದಾರಿಯೇ ಇಲ್ಲದಾಯಿತು. ಕಾಸರಗೋಡಿನವರಿಗೆ ಆ ದಿನಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಫಿಲ್ಮ್ ಹಿಡಿದು ನಿಂತವನಿಗೆ ಓದಲು ಬರಲೇಬೇಕು ಎಂಬುದು ನನಗೆ ಮನದಟ್ಟಾದದ್ದು ಆಗ.

ಮೊದಲ ಎರಡು ವರ್ಷ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಸಂಜೆ ನಾಲ್ಕಕ್ಕೆ ಪವರ್‌ಪಾಯಿಂಟ್ ಕ್ಲಾಸ್ ಇಟ್ಟೆ. ರಾತ್ರಿ ಡ್ಯೂಟಿ ಮಾಡಿದವರು ನಿದ್ದೆ ಮಾಡಿದರು, ಹಗಲು ಡ್ಯೂಟಿಯವರು ಬರಲೇ ಇಲ್ಲ. ಆಮೇಲೆ ವಾಟ್ಸಾಪ್ ಗುಂಪು. ವ್ಯೂ ಬಾಕ್ಸ್‌ (ಫಿಲ್ಮ್ ನೋಡುವ ಬೆಳಕಿನ ಪೆಟ್ಟಿಗೆ) ಮೇಲಿನ ಫಿಲ್ಮಿಗೆ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವೇ ಅರ್ಧ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಮೊದಲು ಉತ್ತರ ಹಾಕಿದವನು ಹೇಳಿದ್ದಕ್ಕೆ ಉಳಿದವರೆಲ್ಲ ಹೆಬ್ಬೆರಳು ಎತ್ತುತ್ತಿದ್ದರು. ಯಾರು ನಿಜವಾಗಿ ನೋಡಿದ್ದಾರೆ, ಯಾರು ಇಲ್ಲ, ತಿಳಿಯುವುದೇ ಇಲ್ಲ. ಇಬ್ಬರನ್ನು ಆಸ್ಪತ್ರೆಯ ಖರ್ಚಿನಲ್ಲಿ ಎರಡು ದಿನದ ಕಾರ್ಯಾಗಾರಕ್ಕೆ ಕಳಿಸಿದೆ. ಫೀಸು, ಬಸ್ಸು, ಊಟ, ಲಾಡ್ಜ್ ಸೇರಿ 22,000 ರೂಪಾಯಿಯಷ್ಟು ಹೋಯಿತು. ಬಂದ ಮೂರನೇ ತಿಂಗಳಿಗೆ ಇಬ್ಬರೂ ಕೆಲಸ ಬಿಟ್ಟರು. ಟ್ರಸ್ಟಿನ ಅಧ್ಯಕ್ಷರು ಅಡಿಕೆ ಕೃಷಿಕರು. "ಡಾಕ್ಟ್ರೇ, ಸಸಿ ನಾವು ಮಾಡುವುದು, ಫಸಲು ಇನ್ನೊಬ್ಬರ ತೋಟದಲ್ಲಿ. ಇದು ನಿಲ್ಲಿಸುವ" ಎಂದರು. ಅವರ ಮಾತಿಗೆ ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಆ ಮಳೆಗಾಲದಲ್ಲಿ ಒಂದು ಕೇಸ್ ಬಂತು. ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದ್ದವರು ಜಾರಿ ಬಿದ್ದು, ಎರಡು ಕಾಲಿನ ಮೇಲೆ ನೇರ ನಿಂತಂತೆ ನೆಲ ಮುಟ್ಟಿದ್ದರು. ಬಲ ಹಿಮ್ಮಡಿ ಪುಡಿಯಾಗಿತ್ತು. ಹಿಮ್ಮಡಿ ಎಷ್ಟು ಕುಸಿದಿದೆ ಎಂದು ಹೇಳುವ ಬೋಲರ್ ಆ್ಯಂಗಲ್ (ಹಿಮ್ಮಡಿಯ ಕೋನ) ಅಳೆಯಬೇಕಾದ ಅಗತ್ಯವೇ ಇಲ್ಲದಷ್ಟು ಸ್ಪಷ್ಟ. ಡ್ಯೂಟಿ ಡಾಕ್ಟರ್ ಸರಿಯಾಗಿ ಹಿಡಿದಿದ್ದ, ಬೆಳಿಗ್ಗೆ ನಾನೂ ಸಹಿ ಹಾಕಿದೆ. ಮೂರನೇ ದಿನ ರೋಗಿ ಬೆನ್ನು ನೋವೆಂದು ಹೇಳಿದಾಗ ತೆಗೆದ ಫಿಲ್ಮಿನಲ್ಲಿ ಎಲ್-1, ಅಂದರೆ ಸೊಂಟದ ಮಟ್ಟದ ಮೊದಲ ಬೆನ್ನುಮೂಳೆ, ಕುಸಿದಿತ್ತು. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರಲ್ಲಿ ಹತ್ತಕ್ಕೆ ಒಬ್ಬರಿಗೆ ಸೊಂಟದ ಮಟ್ಟದ ಬೆನ್ನುಮೂಳೆಯೂ ಮುರಿದಿರುತ್ತದೆ ಎಂದು ನಾವೆಲ್ಲ ಓದಿಕೊಂಡೇ ಬಂದವರು. ಒಂದು ಸಿಕ್ಕಿತಲ್ಲ ಎಂದು ಕಣ್ಣು ಹುಡುಕುವುದನ್ನು ನಿಲ್ಲಿಸಿತ್ತು, ಅವನದ್ದೂ ನನ್ನದೂ. ಪುಣ್ಯಕ್ಕೆ ಕಾಲಿನ ಬಲ ಉಳಿಯಿತು. ಆ ಮನುಷ್ಯ ನಮ್ಮ ಕ್ಯಾಂಟೀನಿನ ಅಡುಗೆಯವರ ಭಾವ. ಆಮೇಲೆ ಆರು ತಿಂಗಳು ಪ್ರತಿ ವಾರ ಅವರ ಸಮಾಚಾರ ನನ್ನ ಕಿವಿಗೆ ಬೀಳುತ್ತಿತ್ತು.

ಹಾಗೆ ಕಿವಿಗೆ ಬೀಳುತ್ತಿದ್ದಾಗಲೇ ನನಗೆ ಹೊಳೆದದ್ದು. ದೊಡ್ಡ ಕಾಲೇಜಿನಲ್ಲಿ ದಿನಕ್ಕೆ ನಾನೂರು ಫಿಲ್ಮ್ ನೋಡಿದರೂ ಆ ರೋಗಿಗೆ ಕೊನೆಗೆ ಏನಾಯಿತು ಎಂದು ಗೊತ್ತಾಗುವುದು ಅಪರೂಪ. ನಮ್ಮಲ್ಲಿ ಎಪ್ಪತ್ತೇ ಇರಬಹುದು, ಆದರೆ ಆ ಎಪ್ಪತ್ತು ಜನ ಮತ್ತೆ ಇಲ್ಲಿಗೇ ಬರುತ್ತಾರೆ. ಬಾರದಿದ್ದರೆ ಅವರ ಅತ್ತಿಗೆಯೋ ಪಕ್ಕದ ಮನೆಯವರೋ ಬರುತ್ತಾರೆ. ನಮ್ಮ ಹತ್ತಿರ ಇರುವ ಬಂಡವಾಳ ಅದು. ಅದನ್ನು ಬಿಟ್ಟು ನಾನು ಸ್ಲೈಡ್ ತೋರಿಸುತ್ತಾ ಎರಡು ವರ್ಷ ಕಳೆದಿದ್ದೆ.

ಮಾಡಿದ್ದು ಇಷ್ಟೇ. ಸ್ಟೇಷನರಿ ಅಂಗಡಿಯಿಂದ ಕೆಂಪು ಬೆನ್ನಿನ ಲಾಂಗ್ ಬುಕ್ ತಂದೆ, 90 ರೂಪಾಯಿಯೋ ಏನೋ. ರಾತ್ರಿ ಯಾವ ಫಿಲ್ಮ್ ತೆಗೆದರೂ ಡ್ಯೂಟಿ ಡಾಕ್ಟರ್ ನೀಲಿ ಪೆನ್ನಿನಲ್ಲಿ ಮೂರು ಸಂಗತಿ ಬರೆಯಬೇಕು: ಏನು ಕಂಡಿತು, ಅದು ಏನು, ಎಷ್ಟು ಖಾತ್ರಿ. ಖಾತ್ರಿಗೆ ಮೂರೇ ಶಬ್ದ: "ಖಂಡಿತ", "ಅನುಮಾನ", "ಗೊತ್ತಿಲ್ಲ". ಗೊತ್ತಿಲ್ಲ ಎಂದು ಬರೆದವರಿಗೆ ನಾನು ಒಂದು ದಿನವೂ ಬೈದದ್ದಿಲ್ಲ. ಬರೆಯದೆ ನನಗೆ ಫೋನ್ ಮಾಡಿದರೆ ಮಾತ್ರ, "ಬರೆದಾಯಿತಾ?" ಎಂದು ಕೇಳಿ, ಬರೆದ ಮೇಲೆಯೇ ಫಿಲ್ಮಿನ ಬಗ್ಗೆ ಮಾತು. ತುರ್ತಿನಲ್ಲಿಯೂ ಬರೆಯಲು ಅರ್ಧ ನಿಮಿಷ ಸಾಕು. ಹೊಡೆದು ಹಾಕುವಂತಿಲ್ಲ, ವೈಟ್ನರ್ ಇಲ್ಲ. ಬೆಳಿಗ್ಗೆ 8.15ಕ್ಕೆ ನಿಂತುಕೊಂಡೇ 25 ನಿಮಿಷ, ನಾನು ಕೆಂಪು ಪೆನ್ನಿನಲ್ಲಿ ನನ್ನದನ್ನು ಬರೆಯುತ್ತೇನೆ. ಬಲಗಡೆಯ ಕೊನೆಯ ಕಾಲಂ ಖಾಲಿ. ಎರಡು ವಾರದ ಮೇಲೆ ಬರೆದವರೇ ರೋಗಿಗೆ ಫೋನ್ ಮಾಡಿ ಅದನ್ನು ತುಂಬಬೇಕು. ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಯ ಬಿರುಕು ಮೊದಲ ದಿನ ಕಾಣದೆ ಹತ್ತು ಹದಿನಾಲ್ಕು ದಿನಕ್ಕೆ ಕಾಣಿಸುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, "ನಾರ್ಮಲ್, ಖಂಡಿತ" ಎಂದು ತಾನೇ ನೀಲಿಯಲ್ಲಿ ಬರೆದದ್ದರ ಮುಂದೆ "ಪ್ಲಾಸ್ಟರ್ ಹಾಕಿದರು" ಎಂದು ತಾನೇ ಬರೆಯುವುದು ಬೇರೆ.

ಮೊದಲ ತಿಂಗಳು ನೂರು ಫಿಲ್ಮಿನಲ್ಲಿ ಇಪ್ಪತ್ತರ ಹತ್ತಿರ ನನ್ನ ಕೆಂಪು ಶಾಯಿ ಬೀಳುತ್ತಿತ್ತು. ಎಂಟನೇ ತಿಂಗಳಿಗೆ ಐದೋ ಆರೋ. ಅದರಲ್ಲಿಯೂ ಚಿಕಿತ್ಸೆ ಬದಲಾಗುವಂಥದ್ದು ಒಂದೋ ಎರಡೋ. ತಪ್ಪು ಎಲ್ಲಿ ಹೋಗುತ್ತದೆ ಎಂಬುದು ಪುಸ್ತಕ ತಿರುವಿದರೆ ಕಣ್ಣಿಗೆ ಹೊಡೆಯುತ್ತದೆ: ಹೃದಯದ ಹಿಂದೆ, ಡಯಾಫ್ರಮ್‌ನ ಕೆಳಗೆ, ಶ್ವಾಸಕೋಶದ ತುದಿಯಲ್ಲಿ ಕಾಲರ್ ಬೋನ್‌ನ ಅಡಿಯಲ್ಲಿ, ಮಕ್ಕಳ ಮೊಣಕೈಯ ಹಿಂದೆ ಕೊಬ್ಬಿನ ಗೆರೆಯಂತೆ ಕಾಣುವ ಫ್ಯಾಟ್ ಪ್ಯಾಡ್‌ನಲ್ಲಿ. ಫಿಲ್ಮ್ ತೆಗೆಯುವಾಗ ರೋಗಿ ತಿರುಗಿದ್ದರಿಂದ ಹುಟ್ಟಿದ ತಪ್ಪುಗಳೂ ಬಹಳ ಇದ್ದವು. ಅದಕ್ಕಾಗಿ ಪ್ರತಿಯೊಬ್ಬರನ್ನೂ ಒಂದು ವಾರ ನಮ್ಮ ಟೆಕ್ನಿಷಿಯನ್ ಪಕ್ಕದಲ್ಲಿ ನಿಲ್ಲಿಸಿದೆ. ಉಸಿರು ಪೂರ್ತಿ ಎಳೆಯದಿದ್ದರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಉಸಿರು ಎಳೆಯದ ಅಜ್ಜಿಯನ್ನು ಪಿ.ಎ. ಫಿಲ್ಮಿಗೆ (ಎದೆ ಪ್ಲೇಟಿಗೆ ತಾಗಿಸಿ) ನಿಲ್ಲಿಸುವುದು ಎಷ್ಟು ಕಷ್ಟ ಎಂದು ನೋಡಿದವರು ಆಮೇಲೆ "ಹೃದಯ ದೊಡ್ಡದು" ಎಂದು ಸುಲಭಕ್ಕೆ ಬರೆಯಲಿಲ್ಲ.

ಹಣದ ವಿಷಯ. ಹಳೆಯ ಕಂಪ್ಯೂಟರಿಗೆ ಎಕ್ಸ್‌ರೇ ಚಿತ್ರಗಳನ್ನು ಕೂಡಿಡುವ ಆರ್ಥಾಂಕ್ ಎಂಬ ಸಾಫ್ಟ್‌ವೇರ್ ಹಾಕಿಸಿದೆ, ಅದು ಉಚಿತ. 4 ಟಿ.ಬಿ. ಡಿಸ್ಕ್ 9,000 ಚಿಲ್ಲರೆ, ಬೆಂಗಳೂರಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಮೆಡಿಕಲ್ ಮಾನಿಟರ್ 38,000, ಮಳೆಗಾಲದ ಕರೆಂಟಿಗೆ ಯು.ಪಿ.ಎಸ್. ಒಂದು 14,000. ಮಾನಿಟರ್ ತರಿಸಿದ ಮೊದಲ ಸಲ ಪ್ಯಾಕಿಂಗ್ ಸರಿ ಇಲ್ಲದೆ ಮೂಲೆ ಒಡೆದು ಬಂತು, ಅದಕ್ಕೆ ಕೊಟ್ಟ 35,000 ಹೋದದ್ದು ಹೋಯಿತು, ಮಾರಿದವರು ಫೋನ್ ಎತ್ತಲಿಲ್ಲ. ಇನ್ನೊಂದು ಕಡೆ, ಮೊದಲು ರಾತ್ರಿಯ ಎಕ್ಸ್‌ರೇ, ಸಿ.ಟಿ. ಎಲ್ಲವನ್ನೂ ಹೊರಗಿನ ಟೆಲಿರೇಡಿಯಾಲಜಿಗೆ (ದೂರದಲ್ಲಿ ಕೂತು ಓದಿ ಕೊಡುವವರಿಗೆ) ಕಳಿಸಿ ತಿಂಗಳಿಗೆ 45,000ದಷ್ಟು ಕಟ್ಟುತ್ತಿದ್ದೆವು. ಈಗ "ಅನುಮಾನ", "ಗೊತ್ತಿಲ್ಲ" ಎಂದು ಬರೆದವು ಮತ್ತು ನನಗೆ ರಜೆ ಇರುವ ದಿನದ ಸಿ.ಟಿ.ಗಳು ಮಾತ್ರ ಹೋಗುತ್ತವೆ. ಬಿಲ್ಲು 18,000 ದಾಟುವುದಿಲ್ಲ. ಈ ಲೆಕ್ಕ ಕಾಗದದಲ್ಲಿ ಬರೆದು ಕೊಟ್ಟ ಮೇಲೆ ಅಧ್ಯಕ್ಷರು ಸಸಿ, ತೋಟದ ಮಾತು ತೆಗೆಯಲಿಲ್ಲ.

ಮಧ್ಯೆ ಒಂದು ಅಡ್ಡ ಪ್ರಯೋಗ. ಗಂಟಲಲ್ಲಿ ಮೀನಿನ ಮುಳ್ಳು ಎಂದು ಬರುವವರು ನಮ್ಮಲ್ಲಿ ವಾರಕ್ಕೆ ಇಬ್ಬರಾದರೂ ಇರುತ್ತಾರೆ. ಕುತ್ತಿಗೆಯ ಲ್ಯಾಟರಲ್ (ಪಕ್ಕದಿಂದ ತೆಗೆದ ಫಿಲ್ಮ್) ನೋಡಿ "ಏನೂ ಇಲ್ಲ" ಎಂದು ಮನೆಗೆ ಕಳಿಸುವುದು ಹುಡುಗರಿಗೆ ಅಭ್ಯಾಸ. ಒಂದು ಭಾನುವಾರ ಕ್ಯಾಂಟೀನಿನಿಂದ ಬಂಗುಡೆ, ಭೂತಾಯಿ, ಅಂಜಲ್, ಕಾಣೆ, ನಾಲ್ಕರ ಮುಳ್ಳನ್ನೂ ತರಿಸಿ, ಕೋಳಿ ಮಾಂಸದ ದಪ್ಪ ತುಂಡಿನೊಳಗೆ ಚುಚ್ಚಿ, ಕುತ್ತಿಗೆಗೆ ಕೊಡುವ ಎಕ್ಸ್‌ಪೋಷರಿನಲ್ಲೇ ಫಿಲ್ಮ್ ತೆಗೆಸಿದೆ. ಅಂಜಲಿನ ಮುಳ್ಳು ಗೆರೆ ಎಳೆದ ಹಾಗೆ ಕಂಡಿತು. ಭೂತಾಯಿಯದ್ದು ಎಲ್ಲಿ ಚುಚ್ಚಿದ್ದೇನೆಂದು ಗೊತ್ತಿದ್ದ ನನಗೂ ಕಾಣಲಿಲ್ಲ. ಅಂದಿನಿಂದ ನಮ್ಮ ಕ್ಯಾಶುವಲ್ಟಿಯಲ್ಲಿ "ಯಾವ ಮೀನು?" ಎಂದು ಕೇಳದೆ ಯಾರೂ ಕುತ್ತಿಗೆಯ ಫಿಲ್ಮಿಗೆ ಬರೆಯುವುದಿಲ್ಲ. ಫಿಲ್ಮ್ ಚೊಕ್ಕ ಇದ್ದು ನೋವು ಒಂದೇ ಕಡೆ ಇದ್ದರೆ ಇ.ಎನ್.ಟಿ.ಯವರನ್ನು ಕರೆಸುತ್ತಾರೆ.

ಇನ್ನೊಂದು ಪ್ರಯೋಗ ಕೈಕೊಟ್ಟಿತು. ಅಲ್ಟ್ರಾಸೌಂಡ್ ಕೂಡ ಕಲಿಸಿಬಿಡೋಣ ಎಂಬ ಆಸೆ ಇತ್ತು. ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ಪ್ರಕಾರ ನೋಂದಣಿಯಲ್ಲಿ ಹೆಸರಿಲ್ಲದವರು ಪ್ರೋಬ್ (ಮೈಮೇಲೆ ಇಟ್ಟು ಆಡಿಸುವ ಹಿಡಿ) ಹಿಡಿಯುವಂತಿಲ್ಲ, ಆ ಗೆರೆಯನ್ನು ನಾನು ದಾಟುವುದಿಲ್ಲ. ಪಕ್ಕದಲ್ಲಿ ನಿಂತು ಪರದೆ ನೋಡಿದರೆ ಕಲಿಯುತ್ತಾರೆಂದು ನಾಲ್ಕು ತಿಂಗಳು ನಿಲ್ಲಿಸಿದೆ. ಪ್ರೋಬ್ ಹಿಡಿಯದೆ ಅದು ಕೈಗೆ ಹತ್ತುವ ವಿದ್ಯೆಯಲ್ಲ. ಬಿಟ್ಟೆ.

ಹೋದ ವರ್ಷ ಸುಗ್ಗಿಯ ಸಮಯ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದಲ್ಲಿ ಆಡುತ್ತಿದ್ದ ಎರಡು ವರ್ಷದ ಮಗುವಿಗೆ ಸಂಜೆಯಿಂದ ಕೆಮ್ಮು. ರಾತ್ರಿ ಹನ್ನೊಂದೂವರೆಗೆ ಬಂದಾಗ ಇದ್ದದ್ದು ಮೊದಲು ಹೇಳಿದ ಆ ಹುಡುಗಿಯೇ. ಕಣ್ಣೂರಿನವಳು, ಕನ್ನಡ ತಡವರಿಸಿ ಮಾತಾಡುವವಳು. ಫಿಲ್ಮ್ ನಾರ್ಮಲ್. ಪುಸ್ತಕದಲ್ಲಿ ಅವಳು ಬರೆದದ್ದು ಈಗಲೂ ಇದೆ: "ಫಿಲ್ಮ್ ನಾರ್ಮಲ್. ಮಗು ನಾರ್ಮಲ್ ಅಲ್ಲ. ಅನುಮಾನ." ಅಡಿಕೆ ಹೋಳು ಶ್ವಾಸನಾಳಕ್ಕೆ ಹೋಗಿದ್ದರೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಲ್ಲ. ಉಸಿರು ಬಿಟ್ಟಾಗ ತೆಗೆಯೋಣವೆಂದರೆ ಅಳುವ ಮಗು ಕೇಳುತ್ತದೆಯೇ? ಅವಳು ಮಗುವನ್ನು ಎಡಕ್ಕೂ ಬಲಕ್ಕೂ ಮಲಗಿಸಿ ಎರಡು ಡೆಕ್ಯೂಬಿಟಸ್ (ಮಗ್ಗುಲಾಗಿ ಮಲಗಿಸಿದ) ಫಿಲ್ಮ್ ತೆಗೆಸಿದಳು. ಕೆಳಗೆ ಬಂದ ಶ್ವಾಸಕೋಶ ಕುಗ್ಗಬೇಕು. ಎಡ ಕುಗ್ಗಿತು, ಬಲ ಕುಗ್ಗಲೇ ಇಲ್ಲ; ಗಾಳಿ ಒಳಗೇ ಸಿಕ್ಕಿಕೊಂಡಿತ್ತು. ಆಮೇಲೆ ನನಗೆ ಫೋನ್. "ಸರ್, ಬರೆದಾಯಿತು" ಎಂದೇ ಮಾತು ಶುರು ಮಾಡಿದಳು. ಆ ರಾತ್ರಿಯೇ ಮಂಗಳೂರಿಗೆ ಕಳಿಸಿದೆವು, ಈ ಸಲ ಕಾರಣ ಬರೆದು. ಬೆಳಿಗ್ಗೆ ಬ್ರಾಂಕೋಸ್ಕೋಪಿಯಲ್ಲಿ (ಶ್ವಾಸನಾಳಕ್ಕೆ ಕೊಳವೆ ಇಳಿಸಿ) ಬಲಗಡೆಯಿಂದ ಹೋಳು ತೆಗೆದರು.

ಕೇಳುವವರು ಹೆಚ್ಚಾಗಿ ಶನಿವಾರದ ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ಹತ್ತು ಹಳೆಯ ಫಿಲ್ಮ್, ಹೆಸರು ಮುಚ್ಚಿ, ಹತ್ತು ನಿಮಿಷ. ಅದರಲ್ಲಿ ನಾರ್ಮಲ್ ಹೆಚ್ಚಿರಬೇಕು, ಇಲ್ಲವಾದರೆ ಎಲ್ಲದರಲ್ಲೂ ರೋಗ ಹುಡುಕುವ ಚಟ ಹತ್ತುತ್ತದೆ. ಎಷ್ಟು ನಾರ್ಮಲ್, ಯಾವ ಕ್ರಮದಲ್ಲಿ ಇಡುತ್ತೇನೆ, ಒಬ್ಬೊಬ್ಬರ ಪುಸ್ತಕ ನೋಡಿ ಅವರಿಗೆಂದೇ ಯಾವ ಫಿಲ್ಮ್ ಸೇರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ. ಬೆಳಿಗ್ಗೆ 8.15ಕ್ಕೆ ಬಂದು ನಿಂತರೆ ತೋರಿಸುತ್ತೇನೆ.

ಈಗ ನಾಲ್ಕನೇ ಲಾಂಗ್ ಬುಕ್ ನಡೆಯುತ್ತಿದೆ. ಬರುವ ತಿಂಗಳು ಇಬ್ಬರು ಹೊಸಬರು ಸೇರುತ್ತಾರೆ, ಒಬ್ಬ ಉಪ್ಪಳದವನು, ಒಬ್ಬಳು ಕಾಞಂಗಾಡಿನವಳು. ಎರಡನೇ ಮಾನಿಟರಿಗೆ ಟ್ರಸ್ಟ್ ಒಪ್ಪಿದೆ. ಮಳೆ ಹಿಡಿಯುವ ಮೊದಲು, ಮದ್ದು ಬಿಡುವವರು ಮರ ಹತ್ತುವ ಮೊದಲು ಅದು ಕ್ಯಾಶುವಲ್ಟಿಯ ಮೇಜಿನ ಮೇಲೆ ಕೂರಬೇಕು. ಈ ಸಲ ಬೆಂಗಳೂರಿಗೆ ನಾನೇ ಹೋಗಿ, ಹಾಕಿ ನೋಡಿ, ಕಾರಿನ ಹಿಂದಿನ ಸೀಟಿನಲ್ಲಿಟ್ಟು ತರುತ್ತೇನೆ.