ಗುಲಾಬಿ ಬಣ್ಣ ಬಂದ ಮಾತ್ರಕ್ಕೆ ರಕ್ತ ಅಂತ ಬರೆಯಬಾರದು

ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ, ಝೂವಾಲಜಿ ಓದಿ ನಾನು ಎಂ.ಎಸ್ಸಿ. ಫೊರೆನ್ಸಿಕ್ ಸೈನ್ಸ್‌ಗೆ ಸೇರಿದೆ. ಈ ಕೋರ್ಸ್ ಹೇಗಿರುತ್ತೆ ಅಂತ ಕೇಳುವವರಿಗೆ ಮೊದಲು ಹೇಳುವುದು ಇಷ್ಟೇ: ಪರೀಕ್ಷೆ ಮಾಡುವುದು ಬೇಗ ಕೈಗೆ ಹತ್ತುತ್ತೆ. ಮಾಡಿದ್ದನ್ನು ನೋಡಿ ಎಷ್ಟು ಹೇಳಬಹುದು, ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೇ ಜಾಸ್ತಿ ಸಮಯ ಹಿಡಿಯುತ್ತೆ.

ಕಲೆ ರಕ್ತದ್ದಿರಬಹುದೇ ಅಂತ ಮೊದಲು ನೋಡುವ ಕ್ಯಾಸಲ್-ಮೇಯರ್ ಪರೀಕ್ಷೆಯನ್ನೇ ನೋಡಿ. ಬಟ್ಟೆಯ ಮೇಲಿನ ಕಂದು ಕಲೆಗೆ ಒದ್ದೆ ಫಿಲ್ಟರ್ ಪೇಪರ್ ಒತ್ತಿ ತೆಗೀತೀವಿ. ಅದರ ಮೇಲೆ ಬಣ್ಣವಿಲ್ಲದ ಫಿನಾಲ್ಫ್‌ಥಲೀನ್ ದ್ರಾವಣದ ಒಂದು ಹನಿ. ಸ್ವಲ್ಪ ಕಾಯಬೇಕು. ಈಗಲೇ ಬಣ್ಣ ಬಂದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಅಲ್ಲಿ ತಾಮ್ರದ ಲವಣದಂಥದ್ದು ಏನೋ ಇದೆ. ಬರದಿದ್ದರೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್. ರಕ್ತ ಇದ್ದರೆ ಹಿಮೋಗ್ಲೋಬಿನ್‌ನಿಂದಾಗಿ ಕ್ಷಣದಲ್ಲಿ ಕಡು ಗುಲಾಬಿ. ತುಂಬ ಹೊತ್ತು ಬಿಟ್ಟರೆ ಖಾಲಿ ಪೇಪರ್ ಕೂಡ ಗಾಳಿಗೆ ಗುಲಾಬಿಯಾಗುತ್ತೆ, ಆದ್ದರಿಂದ ಗಡಿಯಾರ ಪಕ್ಕದಲ್ಲೇ ಇರಬೇಕು. ಗೊತ್ತಿರುವ ರಕ್ತದ್ದೊಂದು, ಏನೂ ಇಲ್ಲದ್ದೊಂದು ಪೇಪರನ್ನೂ ಜೊತೆಗೇ ಪರೀಕ್ಷಿಸಬೇಕು.

ನಮ್ಮ ಮೇಡಂ ಅದೇ ದಿನ ಮೂಲಂಗಿ ತುರಿದು ಅದರ ರಸಕ್ಕೂ ಇದೇ ಪರೀಕ್ಷೆ ಮಾಡಿಸಿದರು. ಗುಲಾಬಿ ಬಂತು! ಕೆಲವು ತರಕಾರಿಗಳಲ್ಲಿ ಪೆರಾಕ್ಸಿಡೇಸ್ ಅನ್ನೋ ಕಿಣ್ವ ಇರುತ್ತೆ, ಅದರ ಕೆಲಸ ಅದು. "ಈಗ ರೆಕಾರ್ಡ್‌ನಲ್ಲಿ ಏನು ಬರೀತೀಯಮ್ಮ?" ಅಂತ ಕೇಳಿದರು. 'ರಕ್ತ ಇರಬಹುದು' ಅಂತ ಬರೆಯಬಹುದು, ಅದಕ್ಕಿಂತ ಒಂದು ಅಕ್ಷರವೂ ಜಾಸ್ತಿ ಬೇಡ. ಟಕಾಯಾಮ ಪರೀಕ್ಷೆಯಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಗುಲಾಬಿ ಹರಳು ಕಂಡ ಮೇಲೆ 'ರಕ್ತ'. ಮನುಷ್ಯರದ್ದೇ ಅಂತ ಹೇಳೋಕೆ ಇನ್ನೊಂದು ಪರೀಕ್ಷೆ. ಯಾರದ್ದು ಅನ್ನೋದಕ್ಕೆ ಡಿಎನ್‌ಎ. ಒಂದೊಂದು ಮೆಟ್ಟಿಲಿಗೂ ಅದರದ್ದೇ ವಾಕ್ಯ ಇದೆ. ನಾನು ಈ ವಾಕ್ಯಗಳನ್ನೇ ಬೇರೆ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಂಡು ಓದಿದೆ. ಥಿಯರಿ ಪೇಪರಿಗೂ ವೈವಾಕ್ಕೂ ಅದೇ ಕೈ ಹಿಡಿಯಿತು.

ಬೆರಳಚ್ಚನ್ನು ಪುಸ್ತಕದಿಂದ ಕಲಿಯೋಕಾಗಲ್ಲ. ಇಂಕು, ರೋಲರ್ ಮನೆಗೆ ತಂದು ಸಿಕ್ಕವರದ್ದೆಲ್ಲ ತೆಗೆದೆ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬೆರಳನ್ನು ಒಂದೇ ಸಲ ಹೊರಳಿಸಬೇಕು. ಹೊಲದ ಕೆಲಸ ಮಾಡಿದ ಅಜ್ಜಿಯ ಹೆಬ್ಬೆರಳಲ್ಲಿ ಗೆರೆ ಸವೆದು ಮುದ್ದೆ ಮುದ್ದೆಯಾಗಿ ಬಂತು. ನ್ಯಾಯಬೆಲೆ ಅಂಗಡಿಯ ಮೆಷಿನ್ ಅವರನ್ನು ಯಾಕೆ ಒಪ್ಪುತ್ತಿರಲಿಲ್ಲ ಅಂತ ಅವತ್ತು ಅರ್ಥವಾಯಿತು. ಇನ್ನೊಂದು ಮಾತು. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಅಲ್ಲಿನ ವರ್ಗೀಕರಣಕ್ಕೆ ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಹೆಸರು ಬಂತು, ಆದರೆ ಅದರ ಹಿಂದೆ ದುಡಿದವರು ಅವರ ಕೈಕೆಳಗಿನ ಭಾರತೀಯ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಈ ಎರಡು ಹೆಸರು ಪ್ರತಿ ವಿದ್ಯಾರ್ಥಿಗೂ ಗೊತ್ತಿರಲೇಬೇಕು.

ಪ್ಯಾಕಿಂಗ್ ಪಾಠವನ್ನು ಹಗುರವಾಗಿ ತಗೋಬೇಡಿ. ರಕ್ತದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಪ್ಲಾಸ್ಟಿಕ್ ಆದರೆ ಒಳಗೆ ಬೆವತು ಬೂಸ್ಟು ಹಿಡಿಯುತ್ತೆ, ಡಿಎನ್‌ಎ ಹಾಳಾಗುತ್ತೆ. ಸೀಲು, ಸಹಿ, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋ ದಾಖಲೆ, ಇದರಲ್ಲಿ ಒಂದು ತಪ್ಪಿದರೂ ಪಾಟಿಸವಾಲಿನಲ್ಲಿ ವಕೀಲರು ಹಿಡಿಯುವುದು ಅದನ್ನೇ. ನಾವು ಗೆಳತಿಯರು ಸಂಜೆ ಒಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿ, ಅವರದೇ ರೆಕಾರ್ಡ್ ಹಿಡಿದು ಪ್ರಶ್ನೆ ಕೇಳುತ್ತಿದ್ದೆವು. ಇಷ್ಟು ಲಾಭದ ಅಭ್ಯಾಸ ಬೇರೆ ಇಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಅಪರಾಧಗಳ ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅನ್ನೋ ಕಾನೂನು) 176ನೇ ಕಲಮಿನ ಪ್ರಕಾರ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದವರೆಗೆ ಅವಕಾಶವಿದೆ. ಅಂದರೆ ಕೆಲಸಕ್ಕೆ ಜನ ಬೇಕೇ ಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೇ ಬಂದಿದೆ, ಈಗ ಗುಜರಾತಿನವರೆಗೆ ಹೋಗಲೇಬೇಕು ಅಂತಿಲ್ಲ. ಆದರೆ ಸೇರುವ ಮುಂಚೆ ಎಫ್‌ಎಸ್‌ಎಲ್‌ನ (ಸರ್ಕಾರಿ ವಿಧಿವಿಜ್ಞಾನ ಪ್ರಯೋಗಾಲಯ) ಹಳೇ ನೇಮಕಾತಿ ಪ್ರಕಟಣೆಗಳನ್ನು ತೆಗೆದು ನೋಡಿ. ವಿಷ ಪರೀಕ್ಷೆಯ ವಿಭಾಗಕ್ಕೆ ಕೆಮಿಸ್ಟ್ರಿ, ಡಿಎನ್‌ಎಗೆ ಜೀವವಿಜ್ಞಾನ ಹೀಗೆ ಮೂಲ ವಿಷಯ ಕೇಳುವುದುಂಟು. ಯಾವ ವಿಭಾಗ ಬೇಕು ಅಂತ ಮೊದಲು ನೋಡಿಕೊಂಡು, ಆಮೇಲೆ ಡಿಗ್ರಿ ಆರಿಸಿಕೊಳ್ಳಿ.