ನೀರು ನೋಡಬೇಡ, ಮರ ನೋಡು

ಹೊನ್ನಾವರದ ಕಡೆ ಬಿಳಿ ತಲೆಯ ದೊಡ್ಡ ಹಕ್ಕಿ ಕಂಡರೆ ಎಲ್ಲರೂ ಗರುಡ ಅಂತ ಕೈ ಮುಗಿಯುತ್ತಾರೆ. ಚಿಕ್ಕವನಿದ್ದಾಗ ನಾನೂ ಮುಗಿದವನೇ. ಆದರೆ ಗರುಡನ ಬೆನ್ನು, ರೆಕ್ಕೆ ಎಲ್ಲ ಇಟ್ಟಿಗೆ ಬಣ್ಣ. ನಾನು ಹೇಳ್ತಿರೋದು ಬಿಳಿ ಹೊಟ್ಟೆಯ ಕಡಲ ಹದ್ದಿನ ವಿಷಯ. ತಲೆ, ಎದೆ, ಹೊಟ್ಟೆ ಬೆಳ್ಳಗೆ, ಬೆನ್ನು ಬೂದಿ ಬಣ್ಣ, ಬಾಲ ಗಿಡ್ಡ. ರೆಕ್ಕೆ ಬಿಚ್ಚಿದರೆ ಸುಮಾರು 2 ಮೀಟರ್, ತೇಲುವಾಗ ಎರಡೂ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದಿರುತ್ತದೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಶರಾವತಿ ಅಳಿವೆಯ ದಂಡೆಯಲ್ಲಿ ಬೈನಾಕ್ಯುಲರ್ ಹಿಡಿದು ನೀರನ್ನೇ ನೋಡ್ತಾ ಕೂತಿರುತ್ತಿದ್ದೆ, ಈಗ ಬರ್ತದೆ, ಈಗ ಮೀನು ಎತ್ತುತ್ತದೆ ಅಂತ. ಎರಡು ವಾರ ಹೋದರೂ ಒಂದು ಬೇಟೆಯನ್ನೂ ನೋಡಲಿಲ್ಲ. ಕೊನೆಗೆ ದೋಣಿ ಕಟ್ಟುತ್ತಿದ್ದ ಅಜ್ಜನೊಬ್ಬ ನಕ್ಕು, "ತಮಾ, ನೀರಲ್ಲಿ ಎಂತ ನೋಡ್ತೆ? ಮರ ನೋಡು" ಅಂದ. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದಿನ ಗಾಳಿ ಮರದ ತುದಿಯಲ್ಲೇ ಕೂತಿದೆ!

ಆವತ್ತಿನಿಂದ ನೀರು ನೋಡೋದು ಬಿಟ್ಟೆ, ಹಕ್ಕಿಯನ್ನೇ ನೋಡತೊಡಗಿದೆ. ಈ ಹದ್ದು ದಿನದ ಹೆಚ್ಚಿನ ಹೊತ್ತು ಸುಮ್ನೆ ಕೂತಿರುತ್ತದೆ. ಗಂಟೆಗಟ್ಟಲೆ. ನಮಗೆ ಬೇಜಾರು ಬರ್ತದೆ, ಅದಕ್ಕಿಲ್ಲ. ಹೊರಡುವ ಮೊದಲು ಕತ್ತು ಮುಂದೆ ಚಾಚುತ್ತದೆ, ಮೈ ಕೊಡವುತ್ತದೆ, ಎಷ್ಟೋ ಸಲ ಪಿಚಕ್ ಅಂತ ಹಿಕ್ಕೆ ಹಾಕಿಯೇ ಹಾರುತ್ತದೆ. ಇದು ಗೊತ್ತಾದ ಮೇಲೆ ಕ್ಯಾಮೆರಾ ಎತ್ತೋಕೆ ನನಗೆ ಎರಡು ಸೆಕೆಂಡು ಸಿಗತೊಡಗಿತು. ನೀರು ಇಳಿಯುವ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಕಾಲುವೆಗಳಿಂದ ಮೀನು ಇಳಿನೀರಿನ ಜೊತೆ ಹೊರಗೆ ಬರ್ತವೆ, ನಾನು ನೋಡಿದ ಬೇಟೆಗಳಲ್ಲಿ ಹೆಚ್ಚಿನವು ಆಗಲೇ ಆಗಿದ್ದು.

ಬೇಟೆ ಅಂದರೆ ಟಿವಿಯಲ್ಲಿ ತೋರಿಸುವ ಹಾಗೆ ನೀರಿಗೆ ಧುಮುಕೋದು ಅಂದುಕೊಂಡಿದ್ದೆ. ಹಾಗೆ ಧುಮುಕೋದು ಚಳಿಗಾಲಕ್ಕೆ ಉತ್ತರದಿಂದ ಬರುವ ಆಸ್ಪ್ರೇ ಅನ್ನೋ ಇನ್ನೊಂದು ಬೇಟೆ ಹಕ್ಕಿ. ಅದು ಕಾಲು ಮುಂದೆ ಮಾಡಿ ಮೈಯೆಲ್ಲ ಮುಳುಗುವ ಹಾಗೆ ಬೀಳ್ತದೆ, ಎದ್ದು ಗಾಳಿಯಲ್ಲೇ ನೀರು ಕೊಡವಿ, ಮೀನಿನ ತಲೆ ಮುಂದಕ್ಕೆ ತಿರುಗಿಸಿಕೊಂಡು ಹೋಗ್ತದೆ. ನಮ್ಮ ಕಡಲ ಹದ್ದು ಸಾಮಾನ್ಯವಾಗಿ ಅಷ್ಟು ಒದ್ದೆಯಾಗೋದಿಲ್ಲ. ಓರೆಯಾಗಿ ಇಳಿದು, ಕಾಲು ಚಾಚಿ, ಮೇಲಕ್ಕೆ ಬಂದ ಮೀನನ್ನು ಗೀರಿದ ಹಾಗೆ ಎತ್ತಿಕೊಂಡು ಹೋಗ್ತದೆ. ಅದಕ್ಕಿಂತ ಸುಲಭದ ದಾರಿಯೂ ಅದಕ್ಕೆ ಗೊತ್ತು, ಕಸಿಯೋದು. ಒಂದು ಬೆಳಿಗ್ಗೆ ಪಾಪದ ಆಸ್ಪ್ರೇ ಕಷ್ಟಪಟ್ಟು ಹಿಡಿದ ಮೀನನ್ನು ಬೆನ್ನಟ್ಟಿ ಬೆನ್ನಟ್ಟಿ ಬೀಳಿಸಿ, ನೀರು ಮುಟ್ಟುವ ಮೊದಲೇ ಹಿಡಿದುಬಿಟ್ಟಿತು. ಗರುಡನನ್ನೂ ಬಿಡೋದಿಲ್ಲ. ಸತ್ತು ದಂಡೆಗೆ ಬಿದ್ದ ಮೀನೂ ಅದಕ್ಕೆ ನಡೆಯುತ್ತದೆ. ರಾಜಗಾಂಭೀರ್ಯ ಅಂತೆಲ್ಲ ಬರೆಯೋರು ಒಂದು ದಿನ ಬಂದು ಇದನ್ನ ನೋಡಬೇಕು.

ಇನ್ನು ನನ್ನ ದೊಡ್ಡ ತಪ್ಪು. ನಮ್ಮ ಕಡೆ ಮಳೆ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಇವು ಗೂಡಿನ ಕೆಲಸ ಶುರು ಮಾಡ್ತವೆ. ಹಳೇ ಗೂಡಿಗೇ ಪ್ರತಿ ವರ್ಷ ಕಡ್ಡಿ ಸೇರಿಸಿ ಸೇರಿಸಿ ಅದು ದೊಡ್ಡ ಕಟ್ಟಿಗೆ ರಾಶಿಯಂತೆ ಆಗಿರುತ್ತದೆ. ಮೊಟ್ಟೆ ಇರುವಾಗ ಫೋಟೋ ಆಸೆಗೆ ತೀರಾ ಹತ್ತಿರ ಹೋದೆ. ಹೆಣ್ಣು ಹದ್ದು ಬಾತುಕೋಳಿಯ ಹಾಗೆ ಕೂಗುತ್ತಾ ಎದ್ದು ಹೋಯಿತು, ಐದೇ ನಿಮಿಷದಲ್ಲಿ ಕಾಗೆಗಳು ಗೂಡಿನ ಅಂಚಿಗೆ ಬಂದವು. ಆ ವರ್ಷ ಆ ಗೂಡಿನಲ್ಲಿ ಮರಿ ಕಾಣಲಿಲ್ಲ. ನನ್ನಿಂದಲೇನಾ ಅಂತ ಈಗಲೂ ಅನಿಸ್ತದೆ. ಈಗ ಮೊಟ್ಟೆ ಕಾಲದಲ್ಲಿ ಹತ್ತಿರ ಹೋಗೋದಿಲ್ಲ, ಗೂಡು ಎಲ್ಲಿದೆ ಅಂತ ಯಾರಿಗೂ ಹೇಳೋದಿಲ್ಲ. ಕೇಳಬೇಡಿ ಪ್ಲೀಸ್.

ಎರಡನೇ ವರ್ಷ ಅದೃಷ್ಟ ಖುಲಾಯಿಸಿತು. ಒಂದು ಮನೆಯ ಹಿತ್ತಲ ಮಾವಿನ ಮರದಲ್ಲಿ ಗೂಡು, ಹದ್ದಿಗೆ ಮನೆಯವರ ಓಡಾಟ ಮೊದಲೇ ಅಭ್ಯಾಸ. ದೂರದ ಜಗಲಿಯಲ್ಲಿ ಕೂತು ನೋಡಿದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಸುಮಾರು 40 ದಿನ ಕಾವು, ಆಮೇಲೆ ಮರಿ ಹಾರೋಕೆ ಎರಡು ತಿಂಗಳಿಗೂ ಜಾಸ್ತಿ. ಇಲ್ಲಿ ಉಳಿದದ್ದು ಒಂದೇ ಮರಿ. ಅದು ಹೆಚ್ಚುಕಡಿಮೆ ಕಂದು ಬಣ್ಣ, ಅಪ್ಪ ಅಮ್ಮನ ಬೂದಿ ಬಿಳುಪು ಬರೋಕೆ ನಾಲ್ಕೈದು ವರ್ಷ ಬೇಕು. ಮರದಡಿ ಬಿದ್ದದ್ದನ್ನು ನೋಡೋದೇ ಒಂದು ಮಜಾ. ಮೀನಿನ ತಲೆ, ಏಡಿ ಚಿಪ್ಪು, ಎಲ್ಲಕ್ಕಿಂತ ಹೆಚ್ಚಾಗಿ ಕಡಲ ಹಾವಿನ ಬೆನ್ನುಮೂಳೆ. ಕಡಲ ಹಾವು ಉಸಿರಾಡೋಕೆ ಮೇಲೆ ಬರಲೇಬೇಕಲ್ವಾ, ಆಗ ಸಿಕ್ಕಿಬೀಳ್ತದೆ.

ಮನೆಯ ಅಮ್ಮನಿಗೆ ಮಾತ್ರ ತಲೆನೋವು. "ವಾಸನೆ ತಡೆಯೂಕೆ ಆಗೂದಿಲ್ಲ ತಮಾ, ಆದ್ರೆ ಗರುಡ ದೇವ್ರಲ್ವಾ, ಓಡ್ಸೂದು ಹ್ಯಾಂಗೆ?" ಅಂದರು. ಅದು ಗರುಡ ಅಲ್ಲ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರ ಬೆಕ್ಕಿಗೆ ಆ ತೊಂದರೆ ಏನೂ ಇರಲಿಲ್ಲ. ದಿನಾ ಮರದಡಿ ಕಾಯ್ತಾ ಮಲಗಿರುತ್ತಿತ್ತು. ಹದ್ದು ಮೀನು ಹಿಡಿದು ಬರುತ್ತಿದ್ದರೆ ನನಗಿಂತ ಮೊದಲು ಅದರ ಕಿವಿ ಏಳುತ್ತಿತ್ತು, ಕೊನೆಕೊನೆಗೆ ನಾನು ಮರವನ್ನೂ ಬಿಟ್ಟು ಬೆಕ್ಕನ್ನೇ ನೋಡ್ತಾ ಕೂರುತ್ತಿದ್ದೆ.