ಎಸೆಯುವ ಮೊದಲು ತೂಗಿದೆ

ನಮ್ಮದು ಬೆಂಗಳೂರಿನಲ್ಲಿ ನಾಲ್ಕು ಜನರ ಮನೆ. ಕಳೆದ ಮಳೆಗಾಲದಲ್ಲಿ ಒಂದು ದಿನ ಫ್ರಿಜ್ಜಿನ ತರಕಾರಿ ಡ್ರಾಯರ್ ಎಳೆದರೆ ಕೊತ್ತಂಬರಿ ಕಟ್ಟು ಕೊಳೆತು ಲೋಳೆಯಾಗಿತ್ತು. ಅದರಡಿ ಮೂರು ಸುಕ್ಕಿದ ಬದನೆಕಾಯಿ. ತಂದ ನೆನಪೇ ಇರಲಿಲ್ಲ. ಎಲ್ಲವನ್ನೂ ಹಸಿ ಕಸದ ಬಕೆಟ್ಟಿಗೆ ಸುರಿಯುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. ಶಿರಸಿ ಕಡೆಯವರು, ಹಿತ್ತಲಲ್ಲಿ ಬೆಳೆದದ್ದನ್ನು ಉಂಡವರು. ಏನೂ ಅನ್ನಲಿಲ್ಲ. ಆದರೆ ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಮರುದಿನದಿಂದ, ಹಾಳಾದದ್ದನ್ನು ಎಸೆಯುವ ಮೊದಲು ತೂಗಿದೆ. ಏನು, ಎಷ್ಟು, ಯಾಕೆ ಹಾಳಾಯಿತು ಅಂತ ಕ್ಯಾಲೆಂಡರಿನಲ್ಲೇ ಬರೆದೆ. ಸಿಪ್ಪೆ, ತೊಟ್ಟು ಲೆಕ್ಕಕ್ಕಿಲ್ಲ. ತಿನ್ನಬಹುದಾಗಿದ್ದು ಕೆಟ್ಟದ್ದು ಮಾತ್ರ. ಎರಡು ವಾರಕ್ಕೆ 3 ಕೆ.ಜಿ. 400 ಗ್ರಾಂ ಆಯಿತು. ಅರ್ಧಕ್ಕಿಂತ ಜಾಸ್ತಿ ಸೊಪ್ಪೇ. 'ಯಾಕೆ' ಎನ್ನುವ ಕಡೆ ಮತ್ತೆ ಮತ್ತೆ ಬಂದದ್ದು ಎರಡು ಮಾತು: 'ಮನೇಲಿದ್ದದ್ದು ಮರೆತು ಮತ್ತೆ ತಂದೆ', 'ಕಡಿಮೆ ಬೆಲೆ ಅಂತ ತಂದೆ'. ಅಂದರೆ ತಪ್ಪು ಅಡುಗೆಮನೆಯಲ್ಲಿ ಶುರುವಾಗಿರಲಿಲ್ಲ, ಚೀಲ ತುಂಬುವಾಗಲೇ ಆಗುತ್ತಿತ್ತು. ಈಗ ಮಾರ್ಕೆಟ್ಟಿಗೆ ಹೊರಡುವ ಮುಂಚೆ ಫ್ರಿಜ್ಜಿನ ಒಂದು ಫೋಟೋ ತೆಗೆದುಕೊಳ್ಳುತ್ತೇನೆ. ಒಂದು ಸಲಕ್ಕೆ ಎರಡೇ ಬಗೆಯ ಸೊಪ್ಪು.

ಸೊಪ್ಪಿನ ವಿಷಯದಲ್ಲಿ ನಾನು ವರ್ಷಗಟ್ಟಲೆ ಮಾಡಿದ ತಪ್ಪು ಅಂದರೆ ತಂದ ಕೂಡಲೇ ತೊಳೆದಿಡುವುದು. "ತೊಳೆದಿಟ್ಟ ಸೊಪ್ಪು ಉಳಿಯೋದಿಲ್ಲ ಮಾರಾಯ್ತಿ" ಅಂತ ಅತ್ತೆ ಹೇಳಿದ ಮೇಲೆ ಬಿಟ್ಟೆ. ಈಗ ಕಟ್ಟು ಬಿಚ್ಚಿ, ಬೇರು ಕತ್ತರಿಸಿ, ಹಳದಿಯಾದ, ಕೊಳೆತ ಎಲೆ ಆರಿಸಿ ತೆಗೆಯುತ್ತೇನೆ. ಒಂದು ಕೊಳೆತ ಎಲೆ ಉಳಿದರೂ ಪಕ್ಕದ್ದನ್ನು ಕೆಡಿಸುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಅರ್ಧ ಗಂಟೆ ಹರಡಿ, ನೀರಿನ ಪಸೆ ಆರಿದ ಮೇಲೆ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಡಬ್ಬಿಗೆ ಹಾಕುತ್ತೇನೆ. ಮೂರು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಿಸುತ್ತೇನೆ. ಮೊದಲು ಮೂರು ದಿನಕ್ಕೆ ಹೋಗುತ್ತಿದ್ದ ಕೊತ್ತಂಬರಿ ಈಗ ಹತ್ತು ದಿನ ಬರುತ್ತದೆ. ಮೆಂತ್ಯ ಅಷ್ಟು ದಿನ ತಡೆಯುವುದಿಲ್ಲ, ಅದನ್ನು ಮೊದಲು ಮುಗಿಸುತ್ತೇವೆ. ಕೊತ್ತಂಬರಿ ದಂಟನ್ನು ಎಸೆಯಲೇಬೇಡಿ, ಸಾರಿಗೆ ಹಾಕಿದರೆ ಎಲೆಗಿಂತ ಘಮ.

ಬಾಳೆಹಣ್ಣು, ಟೊಮೆಟೊ, ಸೌತೆಕಾಯಿ ಎಲ್ಲ ಒಂದೇ ಬುಟ್ಟಿಯಲ್ಲಿರುತ್ತಿದ್ದವು. ಹಣ್ಣಾಗುವ ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಪಕ್ಕದಲ್ಲಿರುವುದೂ ಬೇಗ ಹಣ್ಣಾಗಿ, ಬೇಗ ಕೆಡುತ್ತದೆ. ಸೌತೆಕಾಯಿ ಹಳದಿಯಾಗುತ್ತಿದ್ದುದೂ ಅದಕ್ಕೇ. ಈಗ ಬಾಳೆಹಣ್ಣನ್ನು ಬೇರೆ ತೂಗುಹಾಕಿದ್ದೇವೆ. ಏಲಕ್ಕಿ ಬಾಳೆ ತರುವಾಗ ಅರ್ಧ ಹಣ್ಣು, ಅರ್ಧ ದೋರೆ ಕೇಳಿ ತರುತ್ತೇನೆ. ಮೀರಿ ಹಣ್ಣಾದರೆ ಬನ್ಸ್ ಇದ್ದೇ ಇದೆ. ಆಲೂಗಡ್ಡೆ, ಈರುಳ್ಳಿಗೂ ಬೇರೆ ಬೇರೆ ಬುಟ್ಟಿ.

ಫ್ರಿಜ್ಜಿನೊಳಗೆ ಮೇಲಿನ ತಟ್ಟೆಯಲ್ಲಿ, ಕಣ್ಣಿಗೆ ಬೀಳುವ ಹಾಗೆ, ಒಂದು ಚಿಕ್ಕ ಬುಟ್ಟಿ ಇಟ್ಟಿದ್ದೇನೆ. ಬಾಡತೊಡಗಿದ್ದೆಲ್ಲ ಅದರೊಳಗೆ. ಅಡುಗೆ ಮೊದಲು ಅದರಿಂದಲೇ ಶುರು. ಶನಿವಾರ ಬುಟ್ಟಿಯಲ್ಲಿ ಉಳಿದದ್ದೆಲ್ಲ ಸೇರಿ ಬಿಸಿಬೇಳೆಬಾತ್. ಹಾಗಲ, ಬೆಂಡೆ ಬಿಟ್ಟರೆ ಅದಕ್ಕೆ ಒಗ್ಗದ ತರಕಾರಿ ಕಡಿಮೆ.

ಸಿಪ್ಪೆಯ ಪಾಠ ಪೂರ್ತಿ ಅತ್ತೆಯದು. ಹೀರೆಕಾಯಿ, ಸೀಮೆಬದನೆ ಸಿಪ್ಪೆ ಹುರಿದು ಚಟ್ನಿ. ದಾಳಿಂಬೆ ಸಿಪ್ಪೆ ಒಣಗಿಸಿಟ್ಟು, ಚೂರನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು, ಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಲ್ಲಂಗಡಿ ದೋಸೆ. ಹಸಿರು ಸಿಪ್ಪೆ ಹೆರೆದು ತೆಗೆದು, ಒಳಗಿನ ಬಿಳಿ ಭಾಗವನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಬೇಕು. ನೀರು ಬೇಕಾಗುವುದೇ ಇಲ್ಲ, ಅದೇ ಬಿಡುತ್ತದೆ. ಉದ್ದಿಲ್ಲದೆಯೂ ದೋಸೆ ಮೆತ್ತಗೆ ಏಳುತ್ತದೆ. ಸಿಪ್ಪೆ ಬಳಸುವ ದಿನ ತರಕಾರಿಯನ್ನು ಹೆರೆಯುವ ಮೊದಲೇ ಚೆನ್ನಾಗಿ ಉಜ್ಜಿ ತೊಳೆಯಿರಿ. ಔಷಧಿ ಹೊಡೆದಿರುತ್ತಾರೆ, ಅಲ್ವಾ?

ಒಂದು ಎಚ್ಚರಿಕೆ. ಉಳಿಸುವ ಆಸೆಗೆ ಬೂಸ್ಟು ಹಿಡಿದ ಟೊಮೆಟೊ, ಹಣ್ಣಿನ ಒಂದು ಭಾಗ ಕತ್ತರಿಸಿ ಉಳಿದದ್ದನ್ನು ತಿನ್ನಬೇಡಿ. ಮೆತ್ತಗಿನ ಹಣ್ಣಿನಲ್ಲಿ ಬೂಸ್ಟು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಇಳಿದಿರುತ್ತದೆ. ಹಸಿರಾದ ಆಲೂಗಡ್ಡೆಯೂ ಬೇಡ. ಅವೆಲ್ಲ ಗೊಬ್ಬರದ ಮಡಕೆಗೆ ಹೋಗಲಿ.

ಆರು ತಿಂಗಳಾಯಿತು. ತೂಗುವುದನ್ನು ನಿಲ್ಲಿಸಿಲ್ಲ. ಹೋದ ಎರಡು ವಾರದ ಲೆಕ್ಕ 550 ಗ್ರಾಂ. ಅದರಲ್ಲಿ ಮುಕ್ಕಾಲು ಭಾಗ ಮಕ್ಕಳು ಡಬ್ಬಿಯಲ್ಲಿ ವಾಪಸ್ ತಂದ ಹೆಚ್ಚಿದ ಸೇಬು. ಈ ವಾರದಿಂದ ಇಡೀ ಹಣ್ಣನ್ನೇ ಕಳಿಸುತ್ತಿದ್ದೇನೆ.